ಬೀರುವಿನೊಳಗಿನ ಪಂಕ್ ಗಾಯಕಿ

ಟಕಟಕಟಕಟಕ! ಪಕ್ಕದ ಮನೆಯ ಟೈಲರ್ ಆಂಟಿ ಹೊಲಿಗೆ ಯಂತ್ರ ತುಳಿಯತೊಡಗಿದರೆ ನಮ್ಮ ಗೋಡೆಗೂ ಜೀವ ಬರುತ್ತದೆ. ಆ ಸದ್ದು ಕೇಳುತ್ತಲೇ ನಿರ್ಧರಿಸಿದೆ: ಡ್ರಮ್ ಇಲ್ಲದಿದ್ದರೇನು, ಯಾರೋ ದೊಡ್ಡವರು ಹಾಡಿದ ಹಾರ್ಡ್‌ಕೋರ್ ಪಂಕ್ ಹಾಡುಗಳನ್ನು ನನ್ನ ಗಂಟಲಲ್ಲಿ ರೆಕಾರ್ಡ್ ಮಾಡಿ ಲೋಕವನ್ನೇ ನಡುಗಿಸುತ್ತೇನೆ!

ಆ ಹಾಡುಗಳಲ್ಲಿ ರಾಗವಿಲ್ಲ, ಉಸಿರು ಬಿಡುವಷ್ಟರಲ್ಲಿ ಮುಗಿಯುವ ಸಿಟ್ಟು ಮಾತ್ರ. ಮೊದಲ ಸಲ ಹಾಡಿ ಕಳಿಸಿದ್ದರಲ್ಲಿ ನನ್ನ ಸಿಟ್ಟೋ, ಗಿಟಾರ್ ಬಾರಿಸುವ ಗೆಳತಿಗೆ ಹಿಡಿಸಿರಲಿಲ್ಲ.

"ಹಾಜರಿ ಕೂಗಿದ ಹಾಗಿದೆ ಕಣೇ. ಸಂಜೆಯೊಳಗೆ ಸರಿಯಾಗಿ ಕಿರುಚಿ ಕಳಿಸು. ಇಲ್ಲಾಂದ್ರೆ ಬೇರೆಯವಳನ್ನ ನೋಡ್ಕೋತೀನಿ" ಎಂದಿದ್ದಳು.

ಹಾಗಾಗಿ ಗೋಡೆ ಬೀರುವೇ ಸ್ಟುಡಿಯೋ ಆಯಿತು. ಒಳಗೆ ತುಂಬ ರಗ್ಗು, ಕಂಬಳಿ. ಕೂಗು ಬೀದಿಗೆ ಹೋಗದು. ಗೋಡೆಯಾಚೆಗೇ ಯಂತ್ರ. ರೆಕಾರ್ಡಿಂಗ್ ಶುರುಮಾಡಿ ಫೋನನ್ನು ಮೇಜಿನ ಮೇಲಿಟ್ಟು ಮೈಕಿನ ವೈರನ್ನಷ್ಟೇ ಬಾಗಿಲ ಸಂದಿಯಿಂದ ಒಳಗೆಳೆದುಕೊಂಡೆ. ಆಂಟಿಯೊಂದಿಗೆ ಒಪ್ಪಂದವಾಗಿತ್ತು: ಗೋಡೆ ತಟ್ಟಿದರೆ ಇನ್ನೂ ಜೋರಾಗಿ ತುಳಿಯಬೇಕು, ನನ್ನ ದನಿ ನಿಲ್ಲುವವರೆಗೆ ನಿಲ್ಲಿಸಬಾರದು. ಅಮ್ಮನಿಗೂ ಆಜ್ಞೆ ಹೊರಡಿಸಿದ್ದೆ: ಎಷ್ಟೇ ಕಿರುಚಿದರೂ ಈ ಕಡೆ ತಲೆ ಹಾಕಬಾರದು.

ಬಾಗಿಲನ್ನು ವೀರಾವೇಶದಿಂದ ಎಳೆದುಕೊಂಡೆ. ಹೊರಗಿನ ಚಿಲಕ ತಾನಾಗೇ ಜಾರಿ ಹಾಕಿಕೊಂಡಿತು.

ಕತ್ತಲು. ಸೆಕೆ. ಮೇಲಿನ ರಗ್ಗು ಜಾರಿ ತಲೆಯ ಮೇಲೆ ಕೂತಿತು.

"ಅಮ್ಮಾ, ಬಾಗಿಲು ತೆಗಿ!"

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಎಂದಿನಂತೆ ಸಾಗಿತ್ತು. ಅಮ್ಮ ಕೊಟ್ಟ ಮಾತಿಗೆ ತಪ್ಪದ ಹೆಂಗಸು ಎಂದು ಅಂದೇ ತಿಳಿದದ್ದು! ಗೋಡೆ ಗುದ್ದಿದೆ. ಯಂತ್ರ ಓಡಿತು. ಎರಡೂ ಕೈಯಲ್ಲಿ ಗುದ್ದಿದೆ. ಯಂತ್ರ ಹಾರಿತು. ಕಿರುಚಿದಷ್ಟೂ ಯಂತ್ರ, ಯಂತ್ರವಿದ್ದಷ್ಟೂ ಕಿರುಚಾಟ. ಬಾಗಿಲು ನಡುಗಿತು, ಬೆವರು ಕಣ್ಣಿಗಿಳಿಯಿತು. ಲೋಕ ಮಾತ್ರ ನಡುಗಲಿಲ್ಲ.

ಕೊನೆಗೆ ಗಂಟಲು ಸೋತು ಸುಮ್ಮನಾದೆ.

ಯಂತ್ರ ನಿಂತಿತು. ಪಾತ್ರೆಗಳ ಸದ್ದು ನಿಂತಿತು. ಚಪ್ಪಲಿಗಳು ಓಡಿಬಂದವು, ಚಿಲಕ ಎದ್ದಿತು. ಒದ್ದೆ ಕೈಯಲ್ಲೇ ಅಮ್ಮ ನನ್ನ ಮುಖ ಹಿಡಿದುಕೊಂಡಳು.

"ಇಷ್ಟೊತ್ತು ಯಾಕೆ ಬರ್ಲಿಲ್ಲ?"

"ಕಿರುಚ್ತಾ ಇದ್ಯಲ್ಲ, ಚೆನ್ನಾಗಿದೀಯ ಅಂದ್ಕೊಂಡೆ. ಸುಮ್ಮನಾದ್ಯಲ್ಲ, ಜೀವವೇ ಹಾರಿಹೋಯ್ತು ಕಣೇ."

ಮತ್ತೆ ಹಾಡಲು ದನಿಯೇ ಉಳಿದಿರಲಿಲ್ಲ. ರೆಕಾರ್ಡ್ ಆದದ್ದನ್ನೇ ಕಣ್ಣು ಮುಚ್ಚಿ ಕಳಿಸಿದೆ. ಗೆಳತಿ ಕೂಡಲೇ ಫೋನ್ ಮಾಡಿದಳು.

"ಇದು ಕಣೇ ಪಂಕ್! ಮೂಲ ಹಾಡಲ್ಲಿ ಅಮ್ಮ ಇಲ್ಲ, ಆದ್ರೂ ಇರ್ಲಿ. ನಾಳೆ ಇನ್ನೊಂದು ಹಾಡು, ಇದೇ ಭಾವದಲ್ಲಿ."

ಬೀಗುವ ಮೊದಲೇ ಟೈಲರ್ ಆಂಟಿ ದಿಂಬಿನ ಕವರುಗಳ ರಾಶಿ ಹೊತ್ತು ಬಂದರು.

"ನಿನ್ನ ತಾಳಕ್ಕೆ ತುಳಿದೂ ತುಳಿದೂ ನಾಲ್ಕೂ ಕಡೆ ಹೊಲಿದುಬಿಟ್ಟಿದೀನಿ ತಾಯಿ. ದಿಂಬು ಎಲ್ಲಿಂದ ತೂರಿಸಲಿ? ಬಂದು ಬಿಚ್ಚು."

ಅಂದಿನಿಂದ ಪ್ರಖ್ಯಾತ ಗಾಯಕಿ ಕೂತು ಹೊಲಿಗೆ ಬಿಚ್ಚುತ್ತಿದ್ದಾಳೆ. ಇದನ್ನು ಬರೆಯಲೆಂದು ತುಸು ಎದ್ದು ಬಂದರೆ, ಆಗಲೇ ಗೋಡೆಯಾಚೆಯಿಂದ ತಟ್ಟುತ್ತಿದ್ದಾರೆ. ಅರ್ಥ ಗೊತ್ತಲ್ಲ, ಇನ್ನೂ ಜೋರಾಗಿ! ಬಂದೆ ಆಂಟೀ, ಕತ್ತರಿ ತಂದೆ. ನೀವೂ ಎಂದಾದರೂ ಬೀರುವಿನೊಳಗೆ ಹಾಡುವುದಾದರೆ, ಮೊದಲು ಅದರ ಚಿಲಕವನ್ನು ಕಿತ್ತು... ಅಯ್ಯೋ, ಬಂದೆ ಆಂಟೀ, ಬಂದೆ!