ಒಗ್ಗರಣೆ ನಿಲ್ಲಿಸಿದ ಜರ್ಮನ್ ಮುತ್ಸದ್ದಿ

ನನ್ನ ಸೋದರಮಾವ ಮದುವೆಯಾಗದೆ ಉಳಿಯಲು ಒಬ್ಬ ಜರ್ಮನ್ ಮುದುಕನೇ ಕಾರಣ ಎಂದರೆ ನೀವು ನಂಬುವುದಿಲ್ಲ. ಆ ಮನೆಯಲ್ಲಿ ಒಂದು ವರ್ಷ ಇದ್ದು ನೋಡಿ, ಆಮೇಲೆ ಮಾತಾಡೋಣ! ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯನ್ನು ಎತ್ತಿ ನಿಲ್ಲಿಸಿದ ಮುತ್ಸದ್ದಿಯಂತೆ ಆತ. ನಿಲ್ಲಿಸಲಿ, ಸಂತೋಷ. ಆದರೆ ಅವನ ಮುಖವಿರುವ ಅಂಚೆಚೀಟಿಗಳನ್ನೆಲ್ಲ ಮೈಸೂರಿನ ಎಂಜಿನಿಯರೊಬ್ಬರು ಬರ್ಮಿಂಗ್‌ಹ್ಯಾಮಿನಲ್ಲಿ ಕೂತು ಯಾಕೆ ಕೂಡಿಹಾಕಬೇಕು? ಬೇರೆ ಯಾರ ಚೀಟಿ ಕೊಟ್ಟರೂ ಮಾವ "ನೀನೇ ಇಟ್ಕೋ" ಎನ್ನುತ್ತಿದ್ದರು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಎಂ.ಎಸ್ಸಿ. ಓದಲು ಹೋಗಿ, ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್ ಬಡಾವಣೆಯ ಅವರ ಮನೆಯಲ್ಲಿ ಇಳಿದುಕೊಂಡೆ. ಮೊದಲ ದಿನವೇ ಎಣ್ಣೆ ಕಾಯಿಸಿ ಸಾಸಿವೆ ಡಬ್ಬಿ ತೆಗೆದಿದ್ದೆ. ಮಾವ ಓಡಿ ಬಂದು ಒಲೆ ಆರಿಸಿದರು.

"ಒಗ್ಗರಣೆ ಹಾಕ್ಬೇಡ. ಹೊಗೆ ಕೂತ್ಕೊಳ್ಳುತ್ತೆ, ಚೀಟಿ ಹಿಂದಿನ ಅಂಟು ಕೆಡುತ್ತೆ."

"ಅಂಟು ಯಾರು ನೋಡ್ತಾರೆ ಮಾವ?"

"ತಿಳಿದೋರು ಮೊದಲು ತಿರುಗಿಸೇ ನೋಡೋದು."

ಕುಕ್ಕರ್ ಕೂಗಬಾರದು, ಆವಿ. ಒದ್ದೆ ಕೋಟು ಒಳಗೆ ತರಬಾರದು, ತೇವ. ಆ ಊರಿನಲ್ಲಿ ಕೋಟು ಒಣಗುವುದು ಯಾವಾಗ, ಹೇಳಿ? ಒಗ್ಗರಣೆಯಿಲ್ಲದ ಸಾರು ಉಂಡೂ ಉಂಡೂ ನನಗೆ ಇಡೀ ಜರ್ಮನಿಯ ಮೇಲೆ ಸಿಟ್ಟು ಬಂದಿತ್ತು.

ನನ್ನ ಪದವಿ ಪ್ರದಾನಕ್ಕೆ ಅಮ್ಮ ಬಂದಳು. ಆ ವಾರವೇ ಮಾವ ನನ್ನನ್ನು ನಾಟಿಂಗ್‌ಹ್ಯಾಮಿನ ಅಂಚೆಚೀಟಿ ಸಂತೆಗೆ ಎಳೆದೊಯ್ದರು. ವರ್ಷಗಳಿಂದ ಹುಡುಕುತ್ತಿದ್ದ ಅಂಗೈಯಗಲದ ಅಂಚೆಚೀಟಿ ಹಾಳೆ ಸಿಕ್ಕಿತು. ಅದರ ತುಂಬ ಮುದುಕನ ಒಂದೇ ದೊಡ್ಡ ಮುಖ. ಮನೆಗೆ ತಂದು ಮೇಜಿನ ಮೇಲೆ, ಗೋಡೆಗೆ ಒರಗಿಸಿಟ್ಟರು.

ಬೆಳಿಗ್ಗೆ ನೋಡಿದರೆ ಆ ಹಣೆಗೆ ಗಂಧ, ಕುಂಕುಮ! ಪಕ್ಕದಲ್ಲಿ ಊದುಬತ್ತಿ. ಸ್ನಾನ ಮುಗಿಸಿದ ಅಮ್ಮ ಕೈಮುಗಿದು ನಿಂತಿದ್ದಳು. ನಾನು ವರ್ಷವಿಡೀ ಸಪ್ಪೆ ಸಾರು ಉಂಡು ಕಾಪಾಡಿದ ಶುದ್ಧಿಯೆಲ್ಲ ಒಂದು ಬೆರಳಿನಲ್ಲಿ ಹೋಗಿತ್ತು.

"ಯಾರು ಅಂದ್ಕೊಂಡು ಮಾಡಿದ್ಯಮ್ಮ ಇದನ್ನ?" ಎಂದು ರೇಗಿದೆ.

ಅಷ್ಟರಲ್ಲಿ ಮಾವ ಚೀಟಿ ಎತ್ತುವ ಚಿಮುಟ ಹಿಡಿದು ಓಡಿ ಬಂದರು. ಅಮ್ಮ ನನ್ನನ್ನು ಬಿಟ್ಟು ತಮ್ಮನ ಕಡೆ ತಿರುಗಿದಳು. ಅವಳ ಮುಖದ ಮೇಲೆ ಕನ್ನಡಕವಿರಲಿಲ್ಲ.

"ನಮ್ಮಪ್ಪ ಅಲ್ವೇನೋ? ಮನೇಲಿ ಒಂದೂ ಫೋಟೋ ಇರ್ಲಿಲ್ಲ. ನಿಂಗೆಲ್ಲಿ ಸಿಕ್ತು?"

ನನ್ನ ಅಜ್ಜ ತೀರಿಕೊಂಡಾಗ ಮಾವ ಇಂಗ್ಲೆಂಡಿನಿಂದ ಹೊರಟು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊನೆಗೊಮ್ಮೆ ಮುಖ ನೋಡಲೂ ಸಿಕ್ಕಿರಲಿಲ್ಲ. ಮಾವ ಚಿಮುಟವನ್ನು ಕೆಳಗಿಟ್ಟರು.

"ನಿಂಗೂ ಹಾಗೇ ಕಾಣ್ತಾರಾ ಅಕ್ಕ?" ಎಂದರು. "ನಂಗೊಬ್ನಿಗೇ ಅಂದ್ಕೊಂಡಿದ್ದೆ."