ಹದಿನೇಳನೆಯ ಚಿಪ್ ಅನ್ನು ಅಳಿಸದಿರುವ ಬಗ್ಗೆ

ಇಂದ:
ವಿವರಣಾಪತ್ರ ಬರೆಯುವವಳು,
ಮೆಮೊರಿ ಚಿಪ್ ವಿಭಾಗ, ಎರಡನೆಯ ಮಹಡಿ.

ಗೆ:
ಮುಖ್ಯಸ್ಥರು,
ಬಾಳಿಕೆ ಪರೀಕ್ಷಾ ಕೊಠಡಿ, ನೆಲಮಹಡಿ.

ವಿಷಯ: ಮಾದರಿ ಹದಿನೇಳರಲ್ಲಿ ನಮ್ಮ ಅತ್ತೆಯವರು ತಪ್ಪೊಪ್ಪಿಕೊಂಡಿರುವುದರಿಂದ ಅದನ್ನು ಪರೀಕ್ಷೆಯಿಂದ ಕೈಬಿಡುವ ಕುರಿತು.

ಉಲ್ಲೇಖ: ನಾಳೆ ಬೆಳಿಗ್ಗೆ ಹತ್ತಕ್ಕೆ ಸದರಿ ಚಿಪ್ ಅನ್ನು ಒಂದು ಲಕ್ಷ ಸಲ ಅಳಿಸಿ ಬರೆಯತಕ್ಕದ್ದೆಂಬ ತಮ್ಮ ಚೀಟಿ.

ಮಾನ್ಯರೇ,

1. ಈ ಚಿಪ್ 2.7 ವೋಲ್ಟಿನಲ್ಲೂ ಕೆಲಸ ಮಾಡುತ್ತದೆ ಎಂದು ವಿವರಣಾಪತ್ರದಲ್ಲಿ (ಡೇಟಾಶೀಟಿನಲ್ಲಿ) ಬರೆದವಳು ನಾನೇ. ಬರೆದ ಮೇಲೆ ನಿದ್ದೆ ಬಾರದ ಕಾರಣ, ಅನುಮತಿ ಪಡೆದು, ಸದರಿ ಚಿಪ್ ಕೂರಿಸಿದ್ದ ಧ್ವನಿಮುದ್ರಣದ ಬೋರ್ಡನ್ನು ಮನೆಗೆ ಒಯ್ದು, ಅಷ್ಟೇ ವೋಲ್ಟ್ ಬರಲೆಂದು ಟೀವಿ ರಿಮೋಟಿನ ಎರಡು ಸವೆದ ಸೆಲ್ ಹಾಕಿ ಪರೀಕ್ಷಿಸಿದೆ.

2. ದನಿ ದಾಖಲಾಗುತ್ತದೆಯೇ ಎಂದು ನೋಡಲು ನಿಯಮದಂತೆ "ಒಂದು, ಎರಡು" ಎನ್ನುವಷ್ಟರಲ್ಲಿ ಅತ್ತೆಯವರು ಕೋಣೆಗೆ ಬಂದು, "ಅಯ್ಯೋ, ಕನ್ನಡಕ ನನ್ ದಿಂಬಿನ ಕೆಳಗೇ ಇತ್ತು ಕಣೇ! ಮೂರು ದಿನದಿಂದ ಸುಮ್ನೆ ನಿನ್ನ ಬೈದೆ. ತಪ್ಪು ನಂದೇ. ಆದ್ರೂ ನೀನು..." ಎಂದರು. ಚಿಪ್‌ನ ಒಂದು ಬ್ಲಾಕಿನಲ್ಲಿ, ಅಂದರೆ ಒಂದು ಖಾನೆಯಲ್ಲಿ, ಎಂಟು ಸೆಕೆಂಡಿಗಷ್ಟೇ ಜಾಗವಿರುವ ಕಾರಣ ಉಳಿದದ್ದು ದಾಖಲಾಗಿಲ್ಲ. ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಇಂಥ ಮಾತು ಇದೊಂದೇ.

3. "ಆದ್ರೂ ನೀನು" ಎಂಬಷ್ಟನ್ನು ಮಾತ್ರ ಅಳಿಸಬೇಕೆಂದಿದ್ದೆ. ಆದರೆ ಈ ಚಿಪ್‌ನಲ್ಲಿ ಅಳಿಸಿದರೆ ಇಡೀ ಬ್ಲಾಕೇ ಹೋಗುತ್ತದೆ. ಆದ್ದರಿಂದ ಕೊಂಕನ್ನೂ ಸೇರಿಸಿಯೇ ಹಾಗೇ ಬಿಟ್ಟಿದ್ದೇನೆ.

4. ಅತ್ತೆಯವರು ಈಗ, "ನಾನ್ಯಾಕೆ ಹಾಗಂತೀನಿ? ನನಗೇನು ತಲೆ ಕೆಟ್ಟಿದ್ಯಾ?" ಎನ್ನುತ್ತಿದ್ದಾರೆ. ಪ್ರತಿ ಮಾಡಿ ತರುತ್ತೇನೆಂದರೆ ನಮ್ಮ ಯಜಮಾನರು, "ಈಗಿನ ಕಾಲದಲ್ಲಿ ಯಾರ ದನಿ ಬೇಕಾದ್ರೂ ಮಾಡ್ತಾರೆ ಮಾರಾಯ್ತಿ, ಒರಿಜಿನಲ್ ತಗೊಂಡ್ ಬಾ" ಎಂದರು. ಅವರು ಯಾರ ಪಕ್ಷವೆಂದು ಇನ್ನೂ ತಿಳಿದುಬಂದಿಲ್ಲ.

5. ಬೋರ್ಡನ್ನು ಹಿಂದಿರುಗಿಸುವಾಗ ಚಿಪ್ ಬಿಚ್ಚಿಕೊಳ್ಳಲು ಮರೆತದ್ದು ನನ್ನ ತಪ್ಪು. (ಇದನ್ನು ನಾನು ಬರವಣಿಗೆಯಲ್ಲೇ ಒಪ್ಪಿಕೊಳ್ಳುತ್ತಿರುವುದನ್ನು ಗಮನಿಸಬೇಕು.) ತಮ್ಮ ಕೊಠಡಿಯ ಸಹಾಯಕರು, "ಅಷ್ಟೇನಾ ಮೇಡಂ? ಇನ್ನೊಂದ್ಸಲ ಹೇಳ್ಸಿ, ರೆಕಾರ್ಡ್ ಮಾಡ್ಕೊಳ್ಳಿ" ಎಂದು ಸಲಹೆಯಿತ್ತರು. ಅವರಿಗೆ ಇನ್ನೂ ಮದುವೆಯಾಗಿಲ್ಲ.

6. ನಿನ್ನೆ ಊಟಕ್ಕೆ ಕೂತಾಗ ಅತ್ತೆಯವರು ತಾವಾಗಿಯೇ ಕೇಳಿದರು: "ಆ ನಿನ್ ಚಿಪ್ಪು ಎಷ್ಟು ದಿನ ನೆನಪಿಟ್ಕೊಳ್ಳತ್ತೆ?"

"ಕರೆಂಟ್ ಇಲ್ದಿದ್ರೂ ಇಪ್ಪತ್ತು ವರ್ಷ, ಅತ್ತೆ."

ಅವರು ಕನ್ನಡಕ ಒರೆಸಿಕೊಂಡು ಹೇಳಿದರು: "ನಮ್ಮಮ್ಮ ತೊಂಬತ್ತಾರು ವರ್ಷ ಬದುಕಿದ್ಲು. ನಾನು ಕಾಯ್ತೀನಿ ಬಿಡು."

ಅವರಿಗೀಗ ಎಪ್ಪತ್ತೊಂದು. ಸಕ್ಕರೆ, ರಕ್ತದೊತ್ತಡ ಯಾವುದೂ ಇಲ್ಲ.

ಆದ್ದರಿಂದ ಸದರಿ ಚಿಪ್‌ನ ಮೂರನೆಯ ಪಿನ್ನನ್ನು ಗ್ರೌಂಡಿಗೆ ಬೆಸೆದು, ಬರಹ ಅಳಿಯದಂತೆ ಬೀಗ ಹಾಕಿ, ನನ್ನ ವಶಕ್ಕೆ ಕೊಡಿಸಬೇಕಾಗಿ ವಿನಂತಿ. ಪರೀಕ್ಷೆಗೆ ಹದಿನೆಂಟನೆಯದನ್ನು ಬಳಸಬಹುದು. ಅದರಲ್ಲಿ "ಒಂದು, ಎರಡು, ಮೂರು" ಬಿಟ್ಟರೆ ಏನೂ ಇಲ್ಲ.

ತಮ್ಮ ವಿಶ್ವಾಸಿಯೂ
ಅತ್ತೆಯವರಿಗೆ ಒಬ್ಬಳೇ ಸೊಸೆಯೂ ಆದ,
(ಸಹಿ)

ಲಗತ್ತು:
1. ವಿವರಣಾಪತ್ರ, ಪುಟ ಎರಡು.
2. ಸವೆದ ಸೆಲ್, ಎರಡು. (ರಿಮೋಟಿಗೆ ಬೇಕಾಗಿರುವುದರಿಂದ ಹಿಂದಿರುಗಿಸಬೇಕು.)

ವಿ.ಸೂ.: ವಿವರಣಾಪತ್ರದಲ್ಲಿ "ನೆನಪು ಉಳಿಯುವ ಅವಧಿ: ಇಪ್ಪತ್ತು ವರ್ಷ" ಎಂದಿರುವುದನ್ನು "ಮೂವತ್ತು" ಎಂದು ತಿದ್ದಲು, ಹಾಗೂ ಚಿಪ್ ಅದರಂತೆ ನಡೆದುಕೊಳ್ಳುವ ಹಾಗೆ ಮಾಡಲು, ಸಂಬಂಧಪಟ್ಟವರಿಗೆ ಸೂಚಿಸಬೇಕಾಗಿ ಕೋರಿಕೆ.