ಸೊಂಟದೆತ್ತರದ ಗುಡಾಣ

ಗುಡಾಣ ಮಾಡೇ ಮಾಡ್ತೀನಿ ಅಂತ ಸಾರಿಬಿಟ್ಟೆ. ಅದೂ ಎಂಥ ಗುಡಾಣ? ಹೆಂಡತಿಯ ಸೊಂಟದೆತ್ತರದ್ದು, ಆರು ಕೊಡ ನೀರು ಹಿಡಿಯುವಂಥದ್ದು!

ಸಾರಿದ್ದು ಭಾವನ ಎದುರಿಗೆ. ಭಾವ ಅಂದರೆ ನನ್ನ ಹೆಂಡತಿಯ ಅಣ್ಣ, ಬಡಗಿ. ಇಪ್ಪತ್ತು ವರ್ಷದಿಂದ ಕುಂಬಾರನಾದ ನನ್ನ ತಿಗರಿಯ ಮೇಲೆ ಕುಡಿಕೆ ಬಿಟ್ಟು ಬೇರೇನೂ ಎದ್ದಿಲ್ಲ ಅಂತ ನನಗೆ ‘ಕುಡಿಕೆ’ ಅಂತಲೇ ಹೆಸರಿಟ್ಟ ಪುಣ್ಯಾತ್ಮ. ಈಗ ಬೀದಿಗೆ ಬೀದಿಯೇ ಹಾಗೆ ಕರೆಯುತ್ತೆ. ನನ್ನ ನಿಜವಾದ ಹೆಸರು ಹೆಂಡತಿಯೊಬ್ಬಳಿಗೆ ನೆನಪಿದ್ದೀತು. ಅವಳೂ ಬರೀ ‘ರೀ’ ಅನ್ನುವುದರಿಂದ ಅದೂ ಖಾತ್ರಿಯಿಲ್ಲ.

“ಸೊಂಟದೆತ್ತರದ ಗುಡಾಣ ಎದ್ದು ನಿಂತರೆ ಇನ್ಮೇಲೆ ಕುಡಿಕೆ ಅನ್ನಲ್ಲ, ಆಣೆ,” ಅಂದರು ಭಾವ, ಹೊಟ್ಟೆ ಸವರಿಕೊಳ್ಳುತ್ತಾ. ಗುಡಾಣ ಮಾಡುತ್ತಿದ್ದ ಅಪ್ಪ ಹೋದ ಮೇಲೆ ನಮ್ಮ ಮನೆತನದಲ್ಲಿ ಉಳಿದಿದ್ದ ಏಕೈಕ ಗುಡಾಣ ಆ ಹೊಟ್ಟೆಯೇ.

ಹೆಂಡತಿ ನಗಲಿಲ್ಲ. ನಮ್ಮ ನಲ್ಲಿಗೆ ನೀರು ಬರೋದು ಮೂರು ದಿನಕ್ಕೊಮ್ಮೆ. ಅವಳು ಅದನ್ನು ಇಪ್ಪತ್ತೆಂಟು ಕುಡಿಕೆಗೆ ತುಂಬಿ ಒಲೆಯ ಪಕ್ಕ, ಬಾಗಿಲ ಹಿಂದೆ, ಮಂಚದ ಕೆಳಗೆ ಅಂತ ಸಾಲಾಗಿ ಇಡುತ್ತಾಳೆ. ನಾನು ಬೆಳಿಗ್ಗೆ ಮಂಚದಿಂದ ಇಳಿದರೆ ಯಾವುದಾದರೊಂದರಲ್ಲಿ ಕಾಲಿಟ್ಟೇ ಇಳಿಯೋದು. “ನಿಜವಾಗ್ಲೂ ಮಾಡ್ತೀರಾ?” ಅಂತ ಮೆಲ್ಲಗೆ ಕೇಳಿದಳು. ಪಾಪ, ಆ ದನಿಯಲ್ಲಿ ಆಸೆ ಇತ್ತು. ಇನ್ನು ಹಿಂದೆ ಸರಿಯೋ ಮಾತೇ ಇಲ್ಲ.

ಅಷ್ಟೆತ್ತರ ಒಂದೇ ಏಟಿಗೆ ಎಳೆದರೆ ಹಸಿ ಮಣ್ಣು ಕುಸಿದು ಕೂರುತ್ತೆ. ಅದಕ್ಕೇ ಮೂರು ತುಂಡು: ಬುಡ, ನಡು, ಕತ್ತು. ಒಂದೊಂದನ್ನೂ ತಿಗರಿಯ ಮೇಲೆ ಬೇರೆಬೇರೆಯಾಗಿ ಎತ್ತಿ, ಸ್ವಲ್ಪ ಬಿಗಿಯಾದ ಮೇಲೆ ಅಂಚು ಗೀರಿ, ಕೆಸರು ಸವರಿ, ಒಂದರ ಮೇಲೊಂದು ಕೂರಿಸಬೇಕು. ಮೊದಲ ವಾರ ಅಂಚಿಗೆ ಅಂಚು ಕೂಡಲಿಲ್ಲ. ಎರಡನೇ ವಾರ ನಡು ಜಾರಿ ಸೀದಾ ನನ್ನ ಮಡಿಲಿಗೆ ಬಂತು. ಬಿಟ್ಟೆನೇ? ಊಟದ ತಟ್ಟೆಯನ್ನೂ ತಿಗರಿಯ ಪಕ್ಕಕ್ಕೇ ತರಿಸಿಕೊಂಡೆ. ಬಾಯಿಗೆ ಮಣ್ಣು ಸಿಕ್ಕಿದರೂ ಅಗಿದು ನುಂಗಿದೆ. ಮೂರನೇ ವಾರ ಬುಡದ ಮೇಲೆ ನಡು ಕೂತಿತು ನೋಡಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ!

“ಒಳಗಡೆ ಬೆಸುಗೆ ಒತ್ತಿದ್ರಾ?” ಅಂದಳು ಹೆಂಡತಿ.

ತೋಳು ಇಳಿಸಿದೆ. ಬೆರಳಿಗೆ ತಳವೇ ಸಿಕ್ಕಿತು. “ನಮ್ಮಪ್ಪನ ಕೈ ಯಾವತ್ತೂ ಗುಡಾಣದ ತಳ ಮುಟ್ಟಿದ್ದಿಲ್ಲ ಕಣೇ. ನನ್ನದು ಮುಟ್ತಿದೆ,” ಅಂತ ಬೀಗಿದೆ. ಅವಳು ನನ್ನ ತೋಳನ್ನೊಮ್ಮೆ, ಗುಡಾಣವನ್ನೊಮ್ಮೆ ನೋಡಿದಳು. ಮೆಚ್ಚಿಕೆಗೆ ಬಾಯಿ ಕಟ್ಟಿರಬೇಕು ಅಂದುಕೊಂಡೆ.

ಕತ್ತು ಕೂರಿಸಿದೆ. ಒಂದು ತಿಂಗಳು ನೆರಳಲ್ಲಿ ಒಣಗಿಸಿದೆ. ಆವಿಗೆಯಲ್ಲಿ ಸುಟ್ಟೆ. ಒಂದು ಬಿರುಕೂ ಇಲ್ಲದೆ ಕೆಂಪಗೆ ಹೊರಬಂತು. ನಾವಿಬ್ಬರೂ ಮಗುವನ್ನು ಎತ್ತಿದಂತೆ ಎತ್ತಿ ಅಡುಗೆಮನೆಯಲ್ಲಿ ಇಟ್ಟೆವು. ನಲ್ಲಿ ಬರುವ ದಿನ ಭಾವನಿಗೆ ಹೇಳಿ ಕಳಿಸಿದೆ. ಬಂದು, ತಮ್ಮ ಅಳತೆಪಟ್ಟಿ ಹಿಡಿದು ನೋಡಿ, ಸೊಂಟದೆತ್ತರ ನಿಜ ಅಂತ ಒಪ್ಪಿಕೊಂಡರು. ನನ್ನ ಎದೆ ಉಬ್ಬಿತು.

ಹೆಂಡತಿ ಇಪ್ಪತ್ತೆಂಟು ಕುಡಿಕೆಗಳನ್ನೂ ಆಗಲೇ ಹಿತ್ತಿಲಿಗೆ ಸಾಗಿಸಿದ್ದಳು. ಮೊದಲ ಕೊಡ ಸುರಿದಳು. ಎರಡನೇದು ಸುರಿದಳು. ಮೂರನೇದು ಅರ್ಧ ಸುರಿಯುವಷ್ಟರಲ್ಲಿ ಗುಡಾಣ ತುಂಬಿ, ಭಾವನ ಕಾಲ ಮೇಲೆ ನೀರು ಹರಿಯಿತು.

ಭಾವ ಬಗ್ಗಿ, ಬೆರಳ ಗೆಣ್ಣಿನಿಂದ ಮೇಲೆ ಬಡಿದರು. ದಪ್. ಕೆಳಗೆ ಬಡಿದರು. ಟಣ್. “ಕೆಳಗಡೆ ಮನೆ ಪೂರ್ತಿ ಖಾಲಿ ಇದೆಯಲ್ಲ,” ಅಂದರು.

ಆಗ ಹೊಳೆಯಿತು ನನಗೆ. ಬುಡಕ್ಕೆ ಮಾತ್ರ ತಳ ಇರಬೇಕು, ನಡು ಬಳೆಯ ಹಾಗೆ ಎರಡೂ ಕಡೆ ತೆರೆದಿರಬೇಕು. ಇಪ್ಪತ್ತು ವರ್ಷ ಕುಡಿಕೆ ಮಾಡಿದ ಬೆರಳುಗಳು, ನನ್ನನ್ನು ಒಂದು ಮಾತೂ ಕೇಳದೆ, ಅದಕ್ಕೂ ನೀಟಾಗಿ ತಳ ಕಟ್ಟಿದ್ದವು. ನನ್ನ ಕೈ ಉದ್ದವಾಗಿರಲಿಲ್ಲ. ತಳವೇ ಮೇಲೆ ಬಂದಿತ್ತು.

ಹೆಂಡತಿ ಕೊಡ ಕೆಳಗಿಟ್ಟಳು.

“ರೀ, ಇಷ್ಟೆತ್ತರದ ಕುಡಿಕೆ ನಾನು ಕಂಡೇ ಇರಲಿಲ್ಲ,” ಅಂದು, ಹಿತ್ತಿಲಿಂದ ಉಳಿದ ಇಪ್ಪತ್ತೆಂಟನ್ನು ತರಲು ಹೊರಟಳು. ನನಗೆ ನಿಜವಾಗಿ ನಾಚಿಕೆಯಾಯಿತು. ಮರುದಿನ ಬೆಳಿಗ್ಗೆಯೇ ಮತ್ತೆ ಮಣ್ಣು ತುಳಿಯಲು ನಿಂತೆ.

ಭಾವ ಮಾತ್ರ ಆಣೆಗೆ ತಪ್ಪುವವರಲ್ಲ. ಅವತ್ತಿನಿಂದ ಒಂದು ಸಲವೂ ನನ್ನನ್ನು ಕುಡಿಕೆ ಅಂದಿಲ್ಲ. ಬೀದಿಯವರಿಗೂ ಹಾಗೆ ಕರೆಯಕೂಡದು ಅಂತ ತಾಕೀತು ಮಾಡಿದ್ದಾರೆ.

ಈಗ ಎಲ್ಲರೂ ನನ್ನನ್ನು ‘ಮಹಡಿ’ ಅಂತಾರೆ.